ಅಡ್ಡ ಬರುವ ಗ್ರಹ

ನಮ್ಮ ಬೆಂಗಳೂರಿನ ಬಡಾವಣೆಯಲ್ಲಿ ‘ಟ್ರಾನ್ಸಿಟ್ ರಾಯರು’ ಎಂದರೆ ಹಾಲಿನವನೂ ಮನೆ ತೋರಿಸುತ್ತಾನೆ. ಬ್ಯಾಂಕಿನ ಆಡಿಟರಾಗಿ ನಿವೃತ್ತರಾದವರು. ಈಗ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಮರೆಗೆ ಟೆಲಿಸ್ಕೋಪ್ ಹೂಡಿ ನಕ್ಷತ್ರಗಳ ಆಡಿಟ್ ನಡೆಸುತ್ತಾರೆ.

ಶನಿಯ ಬಳೆ ನೋಡಬೇಕೆಂದು ಮಕ್ಕಳು ಹತ್ತಿ ಹೋದರೆ, “ಅದರಲ್ಲೇನಿದೆ, ಎಲ್ಲರಿಗೂ ಕಾಣುತ್ತೆ” ಎಂದು ಇಳಿಸಿ ಕಳಿಸುತ್ತಾರೆ. ಅವರ ಜೀವವೆಲ್ಲ ಎಚ್‌ಡಿ 189733 ಎಂಬ ನಕ್ಷತ್ರದ ಮೇಲೆ. ಸುಮಾರು 64 ಜ್ಯೋತಿರ್ವರ್ಷ ದೂರ. 2005ರಲ್ಲಿ ಪತ್ತೆಯಾದ ಅದರ ಗ್ರಹ 2.2 ದಿನಕ್ಕೊಮ್ಮೆ ಸುತ್ತು ಹಾಕುತ್ತ ನಕ್ಷತ್ರಕ್ಕೆ ಅಡ್ಡ ಹಾಯುತ್ತದೆ; ಅದೇ ‘ಟ್ರಾನ್ಸಿಟ್’. ಆಗ ನೂರು ರೂಪಾಯಿ ಬೆಳಕಿನಲ್ಲಿ ಎರಡೂವರೆ ರೂಪಾಯಿಯಷ್ಟು ಖೋತಾ! ನೌಕರಿಯಲ್ಲಿ ಇಷ್ಟು ಕೊರತೆ ಕಂಡಿದ್ದರೆ ಗುಮಾಸ್ತನಿಗೆ ಮೆಮೊ ಹೋಗುತ್ತಿತ್ತು. ಈಗ ರಾಯರು ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತಾರೆ.

ಅಳಿಯ ಕೊಡಿಸಿದ ದುಬಾರಿ ಕ್ಯಾಮೆರಾದಲ್ಲಿ ಬೇಕೆಂದೇ ಮಸುಕು ಚಿತ್ರ ತೆಗೆಯುತ್ತಾರೆ. ಬೆಳಕು ಹೆಚ್ಚು ಪಿಕ್ಸೆಲ್‌ಗಳಿಗೆ ಹರಡಿದರೆ ಅಳತೆ ನಿಖರವಂತೆ. ಸೆನ್ಸರಿನ ಕಲೆ-ಧೂಳಿನ ಲೆಕ್ಕ ತೆಗೆಯಲು ಟೆಲಿಸ್ಕೋಪಿನ ಬಾಯಿಗೆ ಬಿಳಿ ಬಟ್ಟೆ ಬಿಗಿದು ಚಿತ್ರ ಹಿಡಿಯಬೇಕು. ಮಡಿಪಂಚೆ ಮಾಯವಾದದ್ದು ಹಾಗೆ. ತೆಳುಮೋಡ ಬಂದರೆ ನಕ್ಷತ್ರಗಳೆಲ್ಲ ಮಂಕು. ಪಕ್ಕದವು ಸರಿಯಿದ್ದು ಇದೊಂದೇ ಮಂಕಾದರೆ ಮಾತ್ರ ಗ್ರಹ. ಅದೇನೋ ಸರಿ, ಆದರೆ ನಕ್ಷತ್ರ ನೆತ್ತಿಗೇರುವ ತಿಂಗಳುಗಳಲ್ಲೇ ನಮ್ಮ ಊರಿಗೆ ಮಳೆ. ಮಳೆ ಮುಗಿಯಿತೆನ್ನುವಾಗ ದೀಪಾವಳಿಯ ಹೊಗೆ.

“ಇಷ್ಟೆಲ್ಲ ಮಾಡಿ ಗ್ರಹ ಕಂಡಿತಾ?” ಎಂದು ಹೆಂಡತಿ ಕೇಳುತ್ತಾರೆ.

“ಗ್ರಹ ಎಲ್ಲಿ ಕಾಣುತ್ತೆ? ಬೆಳಕು ಕಡಿಮೆಯಾದದ್ದು ಕಾಣುತ್ತೆ. 2000ದಲ್ಲೇ ಫಿನ್ಲೆಂಡಿನ ಹವ್ಯಾಸಿಗಳು ಇಂಥದ್ದೇ ಇನ್ನೊಂದು ಗ್ರಹ ಹಿಡಿದರು, ಗೊತ್ತಾ?”

“ಅವರ ಮನೆಯಲ್ಲಿ ಪಂಚೆ ತೊಳೆಯೋರು ಯಾರಂತೆ?”

ಕಳೆದ ನವೆಂಬರಿನಲ್ಲಿ ದಾಯಾದಿಯೊಬ್ಬರು ಮಗಳ ಲಗ್ನಪತ್ರಿಕೆ ತಂದರು. ಆರತಕ್ಷತೆ ಸಂಜೆ ಏಳಕ್ಕೆ. ರಾಯರು ಡೈರಿ ತಿರುವಿ ಲೊಚಗುಟ್ಟಿದರು. “ಛೆ, ಸರಿಯಾಗಿ ಆ ಹೊತ್ತಿಗೇ ಗ್ರಹ ಅಡ್ಡ ಬರುತ್ತಲ್ಲ!”

ಹುಡುಗಿಯ ತಂದೆಯ ಮುಖ ಬಿಳಚಿಕೊಂಡಿತು. “ಯಾವ ಗ್ರಹ, ಅಣ್ಣ?”

“ಗುರುವಿನಂಥದ್ದೇ. ಆದರೆ ಬೆಂಕಿ! ಸಾವಿರ ಡಿಗ್ರಿಗೆ ಹತ್ತಿರ.”

“ಪರಿಹಾರ?”

“ಪರಿಹಾರ ಏನು ಬಂತು, ಎರಡು ಗಂಟೆಯೊಳಗೆ ತಾನೇ ಸರಿಯುತ್ತೆ.”

ಆರತಕ್ಷತೆ ಒಂಬತ್ತಕ್ಕೆ ಹೋಯಿತು. ಹಸಿದ ನೆಂಟರು ಪುರೋಹಿತರನ್ನು ಬೈದುಕೊಂಡರು. ಗ್ರಾಫು ಮುಗಿಸಿ ಒಂಬತ್ತೂಕಾಲಕ್ಕೆ ಬಂದ ರಾಯರಿಗೆ ಮೊದಲ ಪಂಕ್ತಿಯಲ್ಲೇ ಎಲೆ ಸಿಕ್ಕಿತು.