ಶ್ವೇತಚಹಾ ಮೀಮಾಂಸೆ: ಮಡಿಕೇರಿಯ ಒಂದು ಅಡುಗೆಮನೆಯ ಆಕರಗಳಿಂದ

ಈ ಪ್ರಬಂಧದ ಮೂಲ ಆಕರದ ತೂಕ 50 ಗ್ರಾಂ. ಹುತ್ತರಿ ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ತಂಗಿಯ ಮಗ ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟ ತಗಡಿನ ಡಬ್ಬಿಯದು. ಮುಚ್ಚಳದಲ್ಲಿ ಕೆನ್ನೆ ಕೆಂಪಾದ ಪೀಚ್ ಹಣ್ಣು, ಅದರ ಕೆಳಗೆ ‘ವೈಟ್ ಟೀ’ ಎಂಬ ಶಾಸನ. ಪಾಠಾಂತರಗಳಿಲ್ಲ. “ಕುಡಿದು ನೋಡಿ ಮಾವ, ತುಂಬಾ ಲೈಟು” ಎಂದ. ಇದು ಪ್ರಶಂಸೆಯೋ ಎಚ್ಚರಿಕೆಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವಿದ್ವಾಂಸರೆಂದರೆ ನಾನು ಮತ್ತು ನನ್ನ ಅತ್ತೆ. ಅರುವತ್ತು ವರ್ಷ ದಿನಕ್ಕೆ ನಾಲ್ಕು ಸಲ ಬೆಲ್ಲದ ಕಾಪಿ ಕಾಯಿಸಿದ ಅನುಭವ ಅವರಿಗಿದೆ. ನನಗಿರುವುದು ಬರೀ ಓದು.

ಮೊದಲು ಶಬ್ದವಿಚಾರ. ‘ಬಿಳಿ ಚಹಾ’ ಎಂದರೇನು? ಅತ್ತೆಯ ವ್ಯಾಖ್ಯಾನದಂತೆ, ಹಾಲು ಹಾಕಿದ್ದು ಬಿಳಿ ಚಹಾ, ಹಾಕದ್ದು ಕರಿ ಚಹಾ. ವ್ಯಾಕರಣಕ್ಕಾಗಲಿ ವ್ಯವಹಾರಕ್ಕಾಗಲಿ ಇದರಲ್ಲಿ ದೋಷವಿಲ್ಲ. ಆದರೆ ಚೀನಾದ ಫ್ಯೂಜಿಯನ್ ಪ್ರಾಂತ್ಯದವರು ಒಪ್ಪುವುದಿಲ್ಲ. ಫುಡಿಂಗ್, ಝೆಂಗ್‌ಹೆ ಎಂಬ ಊರುಗಳ ಕಡೆ ವಸಂತದ ಮೊದಲ ಚಿಗುರಿನ ಮೊಗ್ಗಿಗೆ ಸಣ್ಣ ಬಿಳಿ ರೋಮ ಇರುತ್ತದೆ. ಹೆಸರು ಬಂದದ್ದು ಆ ರೋಮದಿಂದ. ಬರೀ ಮೊಗ್ಗಿನದಾದರೆ ಬೈಹಾವೊ ಯಿನ್‌ಝೆನ್, ಅಂದರೆ ಬಿಳಿರೋಮದ ಬೆಳ್ಳಿಸೂಜಿ. ಮೊಗ್ಗಿನ ಜೊತೆ ಎಲೆಯೂ ಸೇರಿದರೆ ಬೈ ಮುದಾನ್. ಗಿಡ ಮಾತ್ರ ಎಲ್ಲ ಚಹಾದ್ದೂ ಒಂದೇ, ಕಮೀಲಿಯಾ ಸೈನೆನ್ಸಿಸ್. ಲೋಟಕ್ಕೆ ಬಂದಾಗ ಇದು ಬಿಳಿಯೂ ಅಲ್ಲ. ಗೊರಬಲು ನೆನೆಸಿಟ್ಟ ನೀರಿನ ತೆಳು ಹಳದಿ. ಹೀಗೆ ಹೆಸರು ಒಂದು ಕಡೆ, ಬಣ್ಣ ಒಂದು ಕಡೆ ಇರುವ ವಸ್ತುವಿಗೆ ಹಣ್ಣಿನ ಪರಿಮಳವನ್ನೂ ಹಚ್ಚಿ ಮಾರುವವನ ಧೈರ್ಯವನ್ನು ಮೆಚ್ಚಲೇಬೇಕು.

ಪೂರ್ವಸೂರಿಗಳಲ್ಲಿ ಅಗ್ರಗಣ್ಯ ಸಾಂಗ್ ವಂಶದ ಚಕ್ರವರ್ತಿ ಹುಯಿಜಾಂಗ್. 1107ರ ಸುಮಾರಿಗೆ ಚಹಾದ ಮೇಲೊಂದು ಗ್ರಂಥ ಬರೆದು, ಅದರಲ್ಲಿ ಬಿಳಿ ಚಹಾವನ್ನು ಕೊಂಡಾಡಿದ. ಅವನ ಬಿಳಿ ಚಹಾ ಬೇರೆ, ನಮ್ಮ ಡಬ್ಬಿಯದು ಬೇರೆ; ಅವರದು ಬಿಲ್ಲೆ ಒತ್ತಿ, ಪುಡಿ ಮಾಡಿ, ನೊರೆ ಬರುವ ಹಾಗೆ ಕಡೆದು ಕುಡಿಯುವ ಕಾಲ. 1127ರಲ್ಲಿ ಜುರ್ಚೆನ್ನರು ಬಂದು ಅವನನ್ನು ಸೆರೆಹಿಡಿದುಕೊಂಡು ಹೋದರು. ಗ್ರಂಥಕ್ಕೂ ಸೆರೆಗೂ ಕಾರ್ಯಕಾರಣ ಸಂಬಂಧ ಹೇಳಲಾಗದು. ಆದರೂ ಈ ವಿಷಯ ಹಿಡಿದವರು ಮನೆಯ ಕಡೆ ಸ್ವಲ್ಪ ಗಮನ ಇಟ್ಟಿರುವುದು ಕ್ಷೇಮ ಎಂದು ನನ್ನ ಹೆಂಡತಿ ಅಭಿಪ್ರಾಯಪಟ್ಟಿದ್ದಾಳೆ.

ಪೂರ್ವಪಕ್ಷ: ಕೊಡಗಿಗೆ ಚಹಾ ಸಲ್ಲದು. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿಯಲ್ಲಿ ತೋಟ ಹಾಕಿದಂದಿನಿಂದ ಇದು ಕಾಪಿಯ ಸೀಮೆ, ದೇಶದ ಕಾಪಿಯಲ್ಲಿ ಸುಮಾರು ಮೂರನೇ ಒಂದು ಪಾಲು ಇಲ್ಲಿಂದಲೇ. ಸಿದ್ಧಾಂತ: ದಕ್ಷಿಣ ಕೊಡಗಿನ ಗ್ಲೆನ್‌ಲೋರ್ನಾ ತೋಟದಲ್ಲಿ ಬೆಳೆಯುವುದು ಚಹಾವೇ. ಅಲ್ಲಿಗೆ ಪೂರ್ವಪಕ್ಷ ಬಿತ್ತು. ಇದಕ್ಕಿಂತ ಗಟ್ಟಿಯಾದ ವಾದವೂ ಉಂಟು. ಬಿಳಿ ಚಹಾಕ್ಕೆ ಉಜ್ಜುವುದಿಲ್ಲ, ಸುರುಳಿ ಸುತ್ತುವುದಿಲ್ಲ, ಬಾಣಲೆಗೆ ಹಾಕಿ ಹುರಿಯುವುದಿಲ್ಲ. ಕೊಯ್ದು, ಹರಡಿ, ಬಾಡಿಸಿ, ಒಣಗಿಸುವುದಷ್ಟೆ. ಕಾಪಿ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರಿಗೆ ಕೊಡದೆ ಹಾಗೆಯೇ ಕಣದಲ್ಲಿ ಹರಡಿ, ದಿನಕ್ಕೆರಡು ಸಲ ಗೋರಿ, ಹಿಡಿಯಷ್ಟು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ‘ಗಲಗಲ’ ಅಂದರೆ ಆಯಿತು ಎನ್ನುವುದು ನಮ್ಮ ಚೆರ್ರಿ ಸಂಪ್ರದಾಯ. ಅಂದಮೇಲೆ ಬಿಳಿ ಚಹಾ ಎಂಬುದು ಚೆರ್ರಿ ಸಂಪ್ರದಾಯದ ಚೀನೀ ಶಾಖೆ. ಒಂದು ವ್ಯತ್ಯಾಸ ಇದೆ. ನಾವು ಚೆರ್ರಿ ಮಾಡಿದರೆ ಪಲ್ಪರಿಗೆ ಕೊಟ್ಟು ಒಣಗಿಸಿದ ಪಾರ್ಚ್‌ಮೆಂಟಿಗಿಂತ ಕಡಿಮೆ ರೇಟು, ಅವರು ಸುಮ್ಮನೆ ಒಣಗಿಸಿದರೆ ಬೆಳ್ಳಿಯ ಹೆಸರು. ಈ ಅನ್ಯಾಯ ಪ್ರತ್ಯೇಕ ಪ್ರಬಂಧವನ್ನು ಬೇಡುತ್ತದೆ.

ಈಗ ಹಣ್ಣು. ಡಬ್ಬಿಯ ಹಿಂಬದಿಯ ಸಣ್ಣಕ್ಷರವನ್ನು ಅತ್ತೆಯ ಭೂತಗನ್ನಡಿಯಲ್ಲಿ ಓದಲಾಗಿ ದೊರೆತದ್ದು: ಬಿಳಿ ಚಹಾ, ಒಣ ಸೇಬಿನ ಚೂರು, ದಾಸವಾಳ, ಪರಿಮಳದ್ರವ್ಯ. ಪೀಚ್ ಎಲ್ಲಿ? ಭಾಟ್ಟ ಮೀಮಾಂಸಕರು ಆರನೆಯದಾಗಿ ಅನುಪಲಬ್ಧಿ ಎಂಬ ಪ್ರಮಾಣವನ್ನು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಇಲ್ಲ ಎಂಬ ಜ್ಞಾನ ಗಡಿಗೆ ಕಾಣದಿರುವುದರಿಂದಲೇ ಹುಟ್ಟುತ್ತದಂತೆ. ಅವರು ಗಡಿಗೆಯ ಉದಾಹರಣೆ ಕೊಟ್ಟದ್ದು ಈ ಡಬ್ಬಿ ಸಿಗದಿದ್ದುದರಿಂದ. ಪೀಚಿನ ವಾಸನೆಗೆ ಮುಖ್ಯ ಕಾರಣ ಗಾಮಾ ಡೆಕಾಲ್ಯಾಕ್ಟೋನ್ ಎಂಬ ದ್ರವ್ಯ. ಅದಿದ್ದರೆ ಮೂಗಿಗೆ ಹಣ್ಣು ಬಂದಂತೆಯೇ. ನಾಲಗೆಗೆ ಮಾತ್ರ ಪೀಚಿನ ಹುಳಿ ಬೇಕು, ಪೀಚಿನ ಸಿಹಿ ಬೇಕು, ಅವೆರಡೂ ಇಲ್ಲ. ಮೂಗು ಔತಣಕ್ಕೆ ಹೋಗಿ ಬಂದಿತು, ನಾಲಗೆ ಹೊರಗೆ ಚಪ್ಪಲಿ ಕಾದಿತು.

ದಾಸವಾಳದ ಕರಾಮತ್ತು ಬೇರೆ. ಮೊದಲ ಪ್ರಯೋಗದಲ್ಲಿ ಚಹಾ ಮೂರೇ ನಿಮಿಷಕ್ಕೆ ಕೆಂಪಾಗಿ, ಬಿಳಿ ಎಂಬ ಹೆಸರಿನ ಕೊನೆಯ ಆಸರೆಯೂ ಹೋಯಿತು. ಬಣ್ಣ ಬಿಡುವ ಪಾನೀಯ ಕೊಡಗಿಗೆ ಹೊಸದಲ್ಲ. ಕಕ್ಕಡ ಹದಿನೆಂಟರಂದು, ಅಂದರೆ ಆಗಸ್ಟ್ ಮೂರರ ಸುಮಾರಿಗೆ, ಮದ್ದುಸೊಪ್ಪಿನ ನೇರಳೆ ಪಾಯಸ ತಿಂದವರು ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಅದರ ಪ್ರತ್ಯಕ್ಷ ಪ್ರಮಾಣವನ್ನೂ ಪಡೆಯುತ್ತಾರೆ. ಪೀಚ್ ಚಹಾ ಅಂಥ ಯಾವ ಪ್ರಮಾಣವನ್ನೂ ಕೊಡಲಿಲ್ಲ.

ಪ್ರಯೋಗವಿಧಿಯ ಬಗ್ಗೆ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಕೆಟ್ಟದ್ದು ಅಲ್ಲೇ. ಅತ್ತೆ ಡಬ್ಬಿಯ ಅರೆಪಾಲನ್ನು ಕಾಪಿ ಪಾತ್ರೆಗೆ ಸುರಿದು, ಬೆಲ್ಲ ಹಾಕಿ, ಹತ್ತು ನಿಮಿಷ ಕೊತಕೊತ ಕುದಿಸಿದರು. ಬಂದದ್ದನ್ನು ಕಷಾಯವೆಂದು ಕರೆದರೆ ಕಷಾಯಕ್ಕೆ ಅವಮಾನ. ಶಾಸ್ತ್ರದ ಪ್ರಕಾರ ಒಂದು ಲೋಟಕ್ಕೆ ಎರಡು ಗ್ರಾಂ ಸಾಕು. ಮೊಗ್ಗು ಹತ್ತಿಯಷ್ಟು ಹಗುರ, ಆದ್ದರಿಂದ ಚಮಚದ ಅಳತೆ ಮೋಸ. ಏಲಕ್ಕಿ ತೂಗುವ ಸಣ್ಣ ತಕ್ಕಡಿ ಇಲ್ಲಿ ಒದಗಿತು. ನೀರು ಸುಮಾರು 80 ಡಿಗ್ರಿ. ಮಡಿಕೇರಿ 1,100 ಮೀಟರಿಗೂ ಎತ್ತರದಲ್ಲಿರುವುದರಿಂದ ನಮ್ಮ ನೀರು 96 ಡಿಗ್ರಿಗೇ ಕುದಿಯುತ್ತದೆ. ಅಂದರೆ ಮಂಗಳೂರಿನವರಿಗಿಂತ ನಾವು ಹುಟ್ಟಿನಿಂದಲೇ ಬಿಳಿ ಚಹಾಕ್ಕೆ ನಾಲ್ಕು ಡಿಗ್ರಿ ಹತ್ತಿರ. ಉಳಿದ ಹದಿನಾರಕ್ಕೆ ಲೋಟದಿಂದ ಲೋಟಕ್ಕೆ ಎತ್ತಿ ಸುರಿಯಬೇಕು. ಹಳೆಯ ಚೀನೀ ಗ್ರಂಥಗಳು ನೀರಿನ ಗುಳ್ಳೆಯನ್ನು ಏಡಿಕಣ್ಣು, ಮೀನುಕಣ್ಣು ಎಂದು ವಿಂಗಡಿಸುತ್ತವೆ. ಇದನ್ನು ಹೇಳಿದ್ದೇ ತಡ, ಅಷ್ಟು ಹೊತ್ತು ನನ್ನನ್ನು ಕನಿಕರದಿಂದ ನೋಡುತ್ತಿದ್ದ ಅತ್ತೆ ಪಾತ್ರೆಗೆ ಬಗ್ಗಿದರು. “ಗದ್ದೆ ಏಡಿಯಾ, ಹೊಳೆ ಏಡಿಯಾ?” ಈ ಪ್ರಶ್ನೆಗೆ ಸಾಂಗ್ ವಂಶದಲ್ಲಿ ಉತ್ತರವಿಲ್ಲ.

ಇನ್ನೊಂದು ತೊಡಕು. ಒಣಹಣ್ಣು ರಸ ಬಿಡಲು ಕುದಿನೀರು ಬೇಕು, ಮೊಗ್ಗಿಗೆ ಅಷ್ಟು ಬಿಸಿಯಾದರೆ ಒಗರು. ಒಂದೇ ಡಬ್ಬಿಯಲ್ಲಿ ಅತ್ತೆ ಸೊಸೆಯನ್ನು ಕೂಡಿಹಾಕಿ ಮೇಲೆ ಪೀಚಿನ ಚಿತ್ರ ಅಂಟಿಸಿದ ಹಾಗೆ. ಪರಿಹಾರ ಅತ್ತೆಯದೇ. ಹಿತ್ತಿಲ ಕಿತ್ತಳೆಯ ಸಿಪ್ಪೆ ಕಿತ್ತು, ಒಳಗಿನ ಬಿಳಿ ನಾರನ್ನು ಉಗುರಿನಿಂದ ಕೆರೆದು ತೆಗೆದು, ಸಿಪ್ಪೆಯನ್ನು ಮಾತ್ರ ಕುದಿನೀರಿಗೆ ಹಾಕಿದರು. ಆ ನೀರು ಆರುತ್ತ ಬಂದ ಮೇಲೆ ಡಬ್ಬಿಯೊಳಗಿನ ಬೆಳ್ಳಿಸೂಜಿಗಳನ್ನಷ್ಟೇ ಹೆಕ್ಕಿ ಹಾಕಿ ನಾಲ್ಕು ನಿಮಿಷ ಮುಚ್ಚಿಟ್ಟರು. ಸೇಬು, ದಾಸವಾಳ ಗೊಬ್ಬರದ ಗುಂಡಿಗೆ ಹೋದವು. ಮುಚ್ಚಳ ತೆಗೆದಾಗ ಮೇಲೆ ಸಿಪ್ಪೆಯೆಣ್ಣೆಯ ಸಣ್ಣ ಸಣ್ಣ ವೃತ್ತಗಳು ತೇಲುತ್ತಿದ್ದವು. ಅಡುಗೆಮನೆಯಿಡೀ ನಾನು ಶಾಲೆಗೆ ಹೋಗುತ್ತಿದ್ದಾಗಿನ ಡಿಸೆಂಬರ್.

ಗ್ವಾಂಗ್‌ಡಾಂಗಿನ ಶಿನ್‌ಹುಯಿಯಲ್ಲಿ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯನ್ನು ವರ್ಷಗಟ್ಟಲೆ ಒಣಗಿಸಿಟ್ಟು ಚಹಾಕ್ಕೆ ಸೇರಿಸುತ್ತಾರೆ, ಹಳತಾದಷ್ಟೂ ಬೆಲೆ. ನಮ್ಮ ಕೊಡಗಿನ ಕಿತ್ತಳೆಗೂ ಭೌಗೋಳಿಕ ಸೂಚಿ ಎಂಬ ಸರ್ಟಿಫಿಕೇಟು ಇದೆ. ಮರ ಇಲ್ಲ ಅಷ್ಟೆ. ಕಾಪಿಯ ನಡುವೆ ನೆರಳಿಗೂ ಕೈಕಾಸಿಗೂ ಇದ್ದ ಮರಗಳಿಗೆ ಗ್ರೀನಿಂಗ್ ರೋಗ ಹತ್ತಿತು. ಒಂದು ಸಣ್ಣ ಜಿಗಿಹುಳ ಮರದಿಂದ ಮರಕ್ಕೆ ದಾಟಿಸುವ ಬ್ಯಾಕ್ಟೀರಿಯಾ ಎಲೆಯನ್ನು ಹಳದಿಯಾಗಿಸಿ, ಹಣ್ಣನ್ನು ಸೊಟ್ಟಗೆ ಹಸಿರಾಗಿ ಉಳಿಸುತ್ತದೆ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಸಸಿಯ ಕೆಲಸ ನಡೆಸುತ್ತಲೇ ಇದ್ದಾರೆ. ತೋಟದವರು ಖಾಲಿಯಾದ ಜಾಗಕ್ಕೆ ಕಾಳುಮೆಣಸು ಹಬ್ಬಿಸಿಕೊಂಡರು, ನಾವೂ ಹಬ್ಬಿಸಿದೆವು. ಅಪ್ಪನ ಕಾಲದಲ್ಲಿ ಬುಟ್ಟಿಯಲ್ಲಿ ಎಣಿಸುತ್ತಿದ್ದ ಕಿತ್ತಳೆಯನ್ನು ಈಗ ಬೆರಳಲ್ಲಿ ಎಣಿಸುತ್ತೇವೆ. ಆ ಲೆಕ್ಕದಲ್ಲಿ ಪೀಚೂ ಕಿತ್ತಳೆಯೂ ಸಮಾನ. ಎರಡನ್ನೂ ಬಹುಮಟ್ಟಿಗೆ ಅನುಪಲಬ್ಧಿಯಿಂದಲೇ ತಿಳಿಯಬೇಕು.

ಅತ್ತೆ ಎರಡು ಗುಟುಕು ಕುಡಿದು, “ಸಿಪ್ಪೆ ಚೆನ್ನಾಗುಂಟು” ಎಂದರು. ಚಹಾದ ಬಗ್ಗೆ ಹೇಳಿಕೆ ಇಲ್ಲ.

ವಿಜ್ಞಾನದಲ್ಲಿ ಪ್ರಯೋಗ ಮರುಕಳಿಸಿ ತೋರಿಸಿದ ಮೇಲೆಯೇ ಮಾನ್ಯತೆ. ಮೊಗ್ಗು ಇನ್ನೆರಡು ಲೋಟಕ್ಕಾಗುವಷ್ಟಿದೆ. ಮರದಲ್ಲಿ ಮೂರು ಹಣ್ಣು ಉಳಿದಿದ್ದವು. ಎರಡನ್ನು ನಿನ್ನೆ ಕೋತಿಗಳು ಪರಿಶೀಲನೆಗೆ ಒಯ್ದಿವೆ. ಮೂರನೆಯದು ಸೊಟ್ಟಗಿದೆ, ಇನ್ನೂ ಹಸಿರು.