ಹಿಟ್ಟೋ, ಅವಲಕ್ಕಿಯೋ

ಕಂಪನಿಯವರು ಕೊಟ್ಟ ಮಿಷಿನ್ನನ್ನು ಕೊಟ್ಟ ಹಾಗೇ ಇಟ್ಟುಕೊಳ್ಳುವುದು ನಮ್ಮ ದೊಡ್ಡಬಳ್ಳಾಪುರದ ಕಡೆ ಒಂದು ಬಗೆಯ ಹೇಡಿತನ. ಹೊಸ ಟ್ರ್ಯಾಕ್ಟರ್ ಶೋರೂಮಿನಿಂದ ಹೊರಟು ಮೊದಲು ಹೋಗುವುದು ಹೊಲಕ್ಕಲ್ಲ, ವೆಲ್ಡಿಂಗ್ ಅಂಗಡಿಗೆ. ಯಮಹಾ ಆರ್‌ಎಕ್ಸ್ 100 ಬೈಕಿನ ತಯಾರಿಕೆ 1996ರಲ್ಲೇ ನಿಂತಿತಂತೆ. ಘಾಟಿ ಸುಬ್ರಹ್ಮಣ್ಯದ ರಸ್ತೆಯಲ್ಲಿ ಸಂಜೆ ಹೊತ್ತು ನಿಂತರೆ ಈಗಲೂ ಅದರ ದನಿ ಕೇಳುತ್ತದೆ, ಅದನ್ನು ಮಾಡಿದವರೂ ಗುರುತು ಹಿಡಿಯಲಾರದ ದನಿ. ಊರು ತುಂಬ ಪವರ್‌ಲೂಮ್ ಮಗ್ಗಗಳು. ಹಗಲಿರುಳು ಟಕಟಕ ಕೇಳುತ್ತಾ ಬೆಳೆದವರಿಗೆ ಸದ್ದು ಮಾಡದ ಯಂತ್ರ ಕೆಲಸ ಮಾಡುತ್ತಿದೆ ಎಂದು ನಂಬಿಕೆ ಬರುವುದಾದರೂ ಹೇಗೆ?

ನನ್ನ ಬಾಮೈದ ಈ ಪರಂಪರೆಯ ಕುಡಿ. ತೂಬಗೆರೆ ಕಡೆ ಅವನಿಗೆ ಒಂದಷ್ಟು ಜಮೀನಿದೆ, ಜಮೀನಿನ ತುಂಬ ನೀಲಗಿರಿ ಇದೆ, ಅದನ್ನು ಕೊಯ್ಯಲು ಒಂದು ಮರ ಕೊಯ್ಯೋ ಮಿಷಿನ್ ತಂದ. 58 ಸಿಸಿ ಎಂಜಿನ್, 18 ಇಂಚಿನ ಬ್ಲೇಡು. ಪೆಟ್ಟಿಗೆಯ ಜೊತೆ ಬಂದ ಪುಸ್ತಕವನ್ನು ಬಿಚ್ಚದೆಯೇ ಸ್ಕ್ರೂಡ್ರೈವರ್ ಬಿಚ್ಚಿದ.

ನೀಲಗಿರಿಯ ವಿಷಯ ಒಂದು ಮಾತು ಹೇಳಲೇಬೇಕು. ಟಿಪ್ಪುವಿನ ಕಾಲಕ್ಕೆ ನಂದಿ ಬೆಟ್ಟಕ್ಕೆ ಬಂದಿತೆನ್ನುವ ಈ ಮರ 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ಬೆನ್ನೇರಿ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ರಾಗಿ ಹೊಲಗಳಿಗೆ ಇಳಿಯಿತು. 1983ರಲ್ಲಿ ತುಮಕೂರು ಕಡೆ ರೈತ ಸಂಘದವರು ನರ್ಸರಿಗೇ ನುಗ್ಗಿ ಸಸಿ ಕಿತ್ತರು. ನಮ್ಮ ಮಾವನವರು ಅದೇ ಹೊತ್ತಿಗೆ ಸಸಿ ನೆಟ್ಟರು. ಕಳೆ ಕೀಳಬೇಕಿಲ್ಲ, ಕಾವಲು ಕಾಯಬೇಕಿಲ್ಲ, ದನ ಬಾಯಿ ಹಾಕುವುದಿಲ್ಲ, ಕಡಿದರೆ ಬುಡದಲ್ಲೇ ಮತ್ತೆ ಚಿಗುರುತ್ತದೆ: ಕೂಲಿಯಾಳು ಸಿಗದ ರೈತನಿಗೆ ಇನ್ನೇನು ಬೇಕು? ಅರ್ಕಾವತಿಯ ಕೆರೆಗಳು ಒಣಗಿದ್ದಕ್ಕೂ ಬೋರ್‌ವೆಲ್ಲು ಬತ್ತಿದ್ದಕ್ಕೂ ಬೈಗುಳ ತಿನ್ನುತ್ತಾ ಅದು ಬೆಳೆಯಿತು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಕಡಿಯುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅಪ್ಪಣೆ ಬೇಡದ ಮರಗಳ ಪಟ್ಟಿಯಲ್ಲಿ ನೀಲಗಿರಿಯೂ ಇದೆ. ತೋಪು ತೆಗೆದು ಹಲಸು ಹಾಕುತ್ತೇನೆ ಎಂದು ಬಾಮೈದ ಹೊರಟಿದ್ದ. ತೂಬಗೆರೆ ಹಲಸಿಗೆ ಹೆಸರಿದೆ, ಆ ಲೆಕ್ಕ ತಪ್ಪಲ್ಲ.

“ಭಾವ, ನೀವು ಮೇಷ್ಟ್ರಾಗಿದ್ದೋರು. ಮೊಬೈಲಲ್ಲಿ ಟೈಮ್ ಹಿಡೀರಿ. ಕಂಪ್ನಿ ಮಿಷಿನ್ ಎಷ್ಟು ಸೆಕೆಂಡು, ನನ್ ಮಿಷಿನ್ ಎಷ್ಟು ಸೆಕೆಂಡು, ಇವತ್ತು ತೀರ್ಮಾನ ಆಗೋಗ್ಲಿ.”

ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ಬೇರೆ ಆಮಂತ್ರಣ ಬೇಡ. ಎರಡು ಕಲ್ಲುಗಳ ಮೇಲೆ ಒಂದು ನೀಲಗಿರಿ ದಿಮ್ಮಿ ಮಲಗಿಸಿದೆವು. ಒಂದೇ ದಿಮ್ಮಿ, ಒಂದೇ ಚೈನು, ಒಬ್ಬನೇ ಕೊಯ್ಯಬೇಕು, ಕೈಭಾರ ಹಾಕಕೂಡದು, ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ನಾನು ನಿಯಮ ಓದಿದೆ. ನೆರೆಹೊಲದವರು, ದಾರಿಹೋಕರು, ಹಾಲಿನ ಡೇರಿಗೆ ಹೊರಟವರು ಕ್ಯಾನುಗಳ ಸಮೇತ ಬಂದು ನಿಂತರು. ಬಾಮೈದ ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿ ಮೆಟ್ಟಿ, ಕೂಲಿಂಗ್ ಗ್ಲಾಸ್ ಏರಿಸಿ ಸಿದ್ಧನಾದ. ಆ ಚೈನು ಸೆಕೆಂಡಿಗೆ 20 ಮೀಟರಿನ ಆಸುಪಾಸು ಓಡುತ್ತದೆ, ಅಂದರೆ ಗಂಟೆಗೆ 72 ಕಿಲೋಮೀಟರು, ನಿನ್ನ ತೊಡೆಯಿಂದ ಗೇಣು ದೂರದಲ್ಲಿ ಎಂದೆ. ಅವನು ನಕ್ಕ. ಅಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದ ಗಂಬೂಟು, ಜೀನ್ಸು, ಬೈಕಿನ ಹೆಲ್ಮೆಟ್ ತಂದು ಮುಂದೆ ಕುಕ್ಕಿದಳು. ಬೈಕ್ ಹತ್ತುವಾಗ ಎಂದೂ ಹಾಕದ ಹೆಲ್ಮೆಟ್ಟು ಅಂದು ನಿಂತ ನೆಲದಲ್ಲೇ ತಲೆಗೇರಿತು.

ಕಂಪನಿ ಮಿಷಿನ್ನು ದಿಮ್ಮಿಯನ್ನು ಇಪ್ಪತ್ತು ಸೆಕೆಂಡಿನಲ್ಲಿ ದಾಟಿತು. ಒಂದು ಬಿಲ್ಲೆ ಕೆಳಗೆ ಬಿತ್ತು.

ಮೊದಲ ಬಲಿ ಸೈಲೆನ್ಸರ್. ಒಳಗಿನ ತಗಡಿನ ಅಡ್ಡಗೋಡೆ ಕತ್ತರಿಸಿ, ಬಾಯಿ ಅಗಲಿಸಿ, ಕಿಡಿ ತಡೆಯುವ ಜಾಲರಿಯನ್ನೂ ಕಿತ್ತು ಮತ್ತೆ ಸ್ಟಾರ್ಟ್ ಮಾಡಿದ. ತೋಪಿನ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಜನ ಶಿಳ್ಳೆ ಹೊಡೆದರು. ಮೊಬೈಲ್ ಹತ್ತೊಂಬತ್ತು ಸೆಕೆಂಡು ಎಂದಿತು. “ಸೌಂಡ್ ನೋಡಿ ಭಾವ!” ಎಂದ. ನೋಡಿದೆ. ಮರ ನೋಡಿದ ಹಾಗೆ ಕಾಣಲಿಲ್ಲ.

ಎರಡನೆಯದು ಕಾರ್ಬುರೇಟರ್. ಅದರ ಪಕ್ಕದಲ್ಲಿ ಎಚ್ ಎಂದೂ ಎಲ್ ಎಂದೂ ಎರಡು ಪುಟ್ಟ ತಿರುಪು. ಎಚ್ ತಿರುಪನ್ನು ಒಳಕ್ಕೆ ತಿರುಗಿಸಿದರೆ ಪೆಟ್ರೋಲು ಕಡಿಮೆಯಾಗಿ ಗಾಳಿಯ ಪಾಲು ಹೆಚ್ಚುತ್ತದೆ, ಎಂಜಿನ್ನಿನ ಕಂಠ ತಾರಕಕ್ಕೇರುತ್ತದೆ. ಬಾಮೈದ ಕಂಠವನ್ನೇ ನಂಬಿದವನು; ತಿರುಗಿಸುತ್ತಾ ಹೋದ. ಪೇಟೆಯ ಪರಿಚಯದ ಮೆಕ್ಯಾನಿಕ್ಕಿಗೆ ನಾನು ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅವನು ದೂರದಿಂದಲೇ ಕೇಳಿ ಕಿರುಚಿದ: “ಅಣ್ಣೋ, ಅದು ಓಡ್ತಿರೋದಲ್ಲ, ಸಾಯ್ತಿರೋದು! ಟೂ ಸ್ಟ್ರೋಕಿಗೆ ಆಯಿಲ್ ಹೋಗೋದೂ ಪೆಟ್ರೋಲ್ ಜೊತೇಲೇ ಅಲ್ವಾ? ಪೆಟ್ರೋಲ್ ಕಟ್ ಮಾಡಿದ್ರೆ ಆಯಿಲ್ಲೂ ಕಟ್ಟು. ಪಿಸ್ಟನ್ ಹಿಡ್ಕೊಳ್ತದೆ, ವಾಪಸ್ ತಿರುಗ್ಸಿ!” ಸೈಲೆನ್ಸರ್ ಬಾಯಿ ಬಿಟ್ಟಮೇಲೆ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಬೇಕು, ಕಡಿಮೆಯಲ್ಲ. ಖಾಲಿ ಓಡಿಸಿದಾಗ ಗಂಟಲು ಕಟ್ಟಿದಂತೆ ಬುಡುಬುಡು ಅನ್ನಬೇಕು, ಮರಕ್ಕೆ ಇಟ್ಟೊಡನೆ ದನಿ ಸಾಫಾಗಬೇಕು, ಅದೇ ಸರಿಯಾದ ಶ್ರುತಿ. ಇಷ್ಟು ಹೇಳಿ ಅವನು, ಲೀಟರಿಗೆ ಎಷ್ಟು ಆಯಿಲ್ ಹಾಕಿದ್ದೀರಿ ಎಂದ. “ಒಂದು ಮುಚ್ಚಳ” ಎಂದ ಬಾಮೈದ. ಯಾವುದರ ಮುಚ್ಚಳ ಎಂಬುದು ಹೊರಬೀಳುವ ಮೊದಲೇ ಆ ಕಡೆ ಫೋನ್ ಕಟ್ಟಾಯಿತು. 50ಕ್ಕೆ 1ರ ಲೆಕ್ಕವಾದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಆದರೆ 40. ಔಷಧಿ ಬಾಟಲಿಯ ಅಳತೆ ಲೋಟ ತಂದು ನಾನೇ ಅಳೆದು ಹಾಕಿದೆ.

ಮೂರನೆಯದಾಗಿ 7 ಹಲ್ಲಿನ ಸ್ಪ್ರಾಕೆಟ್ ತೆಗೆದು 8 ಹಲ್ಲಿನದು ಹಾಕಿದ. ಚೈನಿನ ವೇಗ ಏಳರಲ್ಲೊಂದು ಪಾಲು ಹೆಚ್ಚುತ್ತದೆ, ನಿಜ. ಎಳೆಯುವ ಬಲ ಎಂಟರಲ್ಲೊಂದು ಪಾಲು ಕುಗ್ಗುತ್ತದೆ, ಅದೂ ನಿಜ. ಗಾಳಿಯಲ್ಲಿ ಹಿಡಿದಾಗ ಮಿಂಚಿನಂತೆ ತಿರುಗಿ, ಮರದ ನಡುಮಧ್ಯಕ್ಕೆ ಬಂದಾಗ ಉಬ್ಬಸ ಬಂದು ನಿಂತಿತು. ಬಿಲ್ಲೆಗಳು ಮಾತ್ರ ಒಂದರ ಮೇಲೊಂದು ಬೀಳುತ್ತಲೇ ಇದ್ದವು. ಒಂದು ದಿಮ್ಮಿ ಮುಗಿದು ಇನ್ನೊಂದು ಕಲ್ಲಿನ ಮೇಲೆ ಏರಿತ್ತು.

ಇಷ್ಟೂ ಹೊತ್ತು ಒಬ್ಬ ತಾತ ಬದುವಿನ ಮೇಲೆ ಕೂತು ಬೀಡಿ ಎಳೆಯುತ್ತಿದ್ದರು. ಪ್ರಾಯದಲ್ಲಿ ತಮ್ಮನ ಜೊತೆ ಉದ್ದ ಗರಗಸ ಎಳೆದವರು, ಒಬ್ಬ ಈ ಕಡೆ, ಒಬ್ಬ ಆ ಕಡೆ. ಎದ್ದು ಬಂದು, ದಿಮ್ಮಿಯ ಕೆಳಗೆ ಬಿದ್ದಿದ್ದ ಹುಡಿಯನ್ನು ಒಂದು ಹಿಡಿ ಎತ್ತಿ, ಬೆರಳ ಸಂದಿಯಲ್ಲಿ ಸೋರಬಿಟ್ಟು ನನಗೆ ತೋರಿಸಿದರು.

“ಮೇಷ್ಟ್ರೇ, ಇದು ಹಿಟ್ಟು. ಅವಲಕ್ಕಿ ಬರ್ಬೇಕು. ಹಿಟ್ಟು ಬಂತು ಅಂದ್ರೆ ಹಲ್ಲು ಮರ ಕೊಯ್ತಾ ಇಲ್ಲ, ಉಜ್ತಾ ಇದೆ ಅಂತ.”

ಹಲ್ಲು ಮೊಂಡಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಬುಡ ಚೆನ್ನಾಗಿ ಚಿಗುರಲಿ ಎಂದು ನೆಲಮಟ್ಟಕ್ಕೆ ಕೊಯ್ಯುವ ಚಾಳಿ ನಮ್ಮವರದು. ನೀಲಗಿರಿಯನ್ನೇ ತೆಗೆಯಲು ಹೊರಟವನಿಗೂ ಕೈ ಹಾಗೇ ಓಡುತ್ತದೆ. ಅಲ್ಲಿ ತೊಗಟೆಗೆ ಮೆತ್ತಿಕೊಂಡಿರುವುದು ಮರಳು ಬೆರೆತ ಕೆಂಪು ಮಣ್ಣು. ಸಾಲದ್ದಕ್ಕೆ ಹಿಂದಿನ ದಿನ ರಸ್ತೆ ಬದಿಯ ಒಣಗಿದ ಹೊಂಗೆ ಕೊಂಬೆಗೆ ಮಿಷಿನ್ ಹಾಕಿದ್ದ. ಅದರೊಳಗೆ ಗ್ರಾಮ ಪಂಚಾಯಿತಿಯಿಂದ ಲೋಕಸಭೆಯವರೆಗಿನ ಎಲ್ಲ ಚುನಾವಣೆಗಳ ಫ್ಲೆಕ್ಸ್ ಮೊಳೆಗಳೂ ಪಕ್ಷಭೇದವಿಲ್ಲದೆ ಕೂತಿದ್ದವು.

ತಾತ ಮನೆಯಿಂದ ಒಂದು ಗುಂಡು ಅರ, ಒಂದು ಚಪ್ಪಟೆ ಅರ ತರಿಸಿದರು. ಚೈನಿನಲ್ಲಿ 72 ಕೊಂಡಿ, 36 ಹಲ್ಲು. ಬಲಕ್ಕೆ 18, ಎಡಕ್ಕೆ 18. ಆ ಗುಂಡು ಅರ 4.8 ಮಿ.ಮೀ. ದಪ್ಪದ್ದು ಎಂದು ನನ್ನ ವರ್ನಿಯರ್ ಹೇಳಿತು, ತಾತನಿಗೆ ಅದು ಬೇಕಿರಲಿಲ್ಲ. ಹಲ್ಲಿಗೆ ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ ಇಟ್ಟು, ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿಗೆ ತಳ್ಳುವುದು, ಎತ್ತುವುದು, ಮತ್ತೆ ತಳ್ಳುವುದು. ಹಿಂದಕ್ಕೆ ಎಳೆಯುವಂತಿಲ್ಲ. ಒಂದೊಂದು ಹಲ್ಲಿಗೂ ಅಷ್ಟೇ ತಳ್ಳು, ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದು ಪಕ್ಕದ ಹಲ್ಲು ಗಿಡ್ಡವಾದರೆ ಮಿಷಿನ್ನು ನೇರ ಇಳಿಯದೆ ಸೊಟ್ಟಗೆ ಹೋಗುತ್ತದೆ. ಹೆಬ್ಬೆರಳಿನ ಉಗುರಿಗೆ ಹಲ್ಲು ತಾಗಿಸಿ ನೋಡುವರು: ಜಾರಿದರೆ ಇನ್ನೊಂದು ತಳ್ಳು, ಕಚ್ಚಿದರೆ ಮುಂದಿನದು. ಕೊನೆಗೆ ಪ್ರತಿ ಹಲ್ಲಿನ ಮುಂದಿರುವ ಪುಟ್ಟ ದಿಬ್ಬದ ಕಡೆ ತಿರುಗಿದರು. ಮಿಷಿನ್ ಅಂಗಡಿಯವರು ರೇಕರ್ ಅನ್ನುವುದು ಅದಕ್ಕೇ. ಹಲ್ಲು ಒಂದು ಸಲಕ್ಕೆ ಎಷ್ಟು ಕಚ್ಚಬೇಕು ಎಂಬ ಲಗಾಮು ಅದರ ಕೈಲಿದೆ. ಹಲ್ಲಿನ ತುದಿಗಿಂತ ಅದು 0.65 ಮಿ.ಮೀ.ನಷ್ಟು ತಗ್ಗಿರಬೇಕು. ಚಪ್ಪಟೆ ಅರದಿಂದ ಒಂದೊಂದಕ್ಕೂ ಒಮ್ಮೆ ಸವರಿದರು, ಅಷ್ಟೆ.

ಅವರು ಅರ ಹಾಕುತ್ತಿದ್ದಾಗ ನಾನು ಜನರಿಗೊಂದು ಪಾಠ ಮಾಡಿದೆ. ಕೂತ ಜನ ಸಿಕ್ಕರೆ ಮೇಷ್ಟ್ರು ಬಿಡುವುದುಂಟೇ? ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ಕರೆಂಟಿನದು, 1929ರಲ್ಲಿ ಪೆಟ್ರೋಲಿನದು ಎಂದು ಚೈನ್ ಗರಗಸ ಮಾಡಿದ. ಎಂಜಿನ್ ಬಂತು, ಹಲ್ಲು ಮಾತ್ರ ಹಳೆ ಕೈಗರಗಸದ್ದೇ. ಅರ ಹಾಕಿ ಹಾಕಿ ಮರ ಕಡಿಯುವವರಿಗೆ ಸಾಕಾಗಿತ್ತು. 1946ರಲ್ಲಿ ಅಮೆರಿಕದ ಆರಿಗನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಸೌದೆ ಒಡೆಯುವಾಗ ಕಾಂಡ ಕೊರೆಯುವ ಹುಳವೊಂದನ್ನು ಕಂಡ. ತೋರುಬೆರಳಿನಷ್ಟಿದ್ದ ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆ ಆಡಿಸುತ್ತಾ ಗಟ್ಟಿ ಮರವನ್ನು ಲೀಲಾಜಾಲವಾಗಿ ತಿನ್ನುತ್ತಿತ್ತು. ಆ ದವಡೆಯನ್ನೇ ಉಕ್ಕಿನಲ್ಲಿ ಮಾಡಿದ. ಮರುವರ್ಷ ಪೋರ್ಟ್‌ಲ್ಯಾಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲೇ ಕಂಪನಿ ತೆರೆದ. ಇವತ್ತಿನ ಚೈನುಗಳ ಎಡಬಲ ಹಲ್ಲುಗಳೆಲ್ಲ ಅದೇ ಹುಳದ ವಂಶ. “ಅದೇ ಹುಳಕ್ಕೆ ನಾವು ಮಾವಿನ ಮರದಲ್ಲಿ ಔಷಧಿ ಬಿಡ್ತೀವಿ” ಎಂದ ಒಬ್ಬ. ಹುಳ ಅದೇ ಅಲ್ಲ, ಕಸುಬು ಅದೇ ಎಂದೆ.

ಚೈನು ಏರಿತು. ಬಾಮೈದ ಮಿಷಿನ್ನನ್ನು ದಿಮ್ಮಿಯ ಮೇಲೆ ಇಟ್ಟನೇ ಹೊರತು ಒತ್ತಲಿಲ್ಲ. ಅದು ತನ್ನ ಭಾರಕ್ಕೇ ಇಳಿಯಿತು. ತೆಳ್ಳನೆಯ ಚಕ್ಕೆಗಳು ಅವನ ಬೂಟಿನ ಮೇಲೆ ಸುರಿದವು, ನಿಜಕ್ಕೂ ಗಟ್ಟಿ ಅವಲಕ್ಕಿ. ಒಂಬತ್ತು ಸೆಕೆಂಡು. ಹಾಲಿನ ಕ್ಯಾನಿನವರೂ ಚಪ್ಪಾಳೆ ತಟ್ಟಿದರು.

ಬಾಮೈದ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡು ಹೇಳಿದ: “ನೋಡಿದ್ರಾ ಭಾವ? ಸೈಲೆನ್ಸರ್ ಬಿಚ್ಚಿದ್ದು ಈಗ ಕೆಲ್ಸ ಮಾಡ್ತಾ ಇದೆ.”

ನಾನು ಬಿಡಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ! ಹಳೆ ಸ್ಪ್ರಾಕೆಟ್ ಹಾಕಿಸಿದೆ, ಅಂಗಡಿಯಿಂದ ಹೊಸ ಸೈಲೆನ್ಸರ್ ತರಿಸಿ ಕೂರಿಸಿದೆ. ಹರಿತ ಚೈನಿಗೆ ಅದೇ ಒಂಬತ್ತು ಸೆಕೆಂಡು, ಮೇಲೆ ಚೂರು. ಅವನು ಆ ಚೂರನ್ನೇ ಹಿಡಿದು ವಾದಿಸಿದ. ರಾತ್ರಿ ಊಟದ ಹೊತ್ತಿಗೂ ಅದೇ ವಾದ. ಮಾರನೆ ದಿನ, ರೇಕರ್ ಒಂದು ಸವರಿಗೆ ಇಷ್ಟು ಲಾಭವಾದರೆ ಹತ್ತು ಸವರಿದರೆ ಎಷ್ಟು ಎಂದು ಯಾರಿಗೂ ಹೇಳದೆ ಅರ ಹಿಡಿದ. ಲಗಾಮು ಬಿಚ್ಚಿದ ಹಲ್ಲು ಸಿಕ್ಕಿದಷ್ಟನ್ನೂ ಕಚ್ಚಲು ಹೋಗಿ, ಮಿಷಿನ್ನು ಎಗರಿ ಬ್ಲೇಡಿನ ಮೂತಿ ಆಕಾಶ ನೋಡಿತು. ಮುಂದಿನ ಬ್ರೇಕು ಕೆಲಸ ಮಾಡಿದ್ದರಿಂದ ಚೈನು ಅಲ್ಲಿಗೇ ನಿಂತಿತು. ಆ ಚೈನನ್ನು ತಾತ ಎತ್ತಿ ನೋಡಿ, ಬಟ್ಟೆ ಒಣಗಹಾಕೋಕೆ ಆಯ್ತದೆ ಎಂದರು.

ವಾರದ ಕೊನೆಗೆ ಹೊಸಕೋಟೆ ಕಡೆಯ ಮರದ ವ್ಯಾಪಾರಿ ಲಾರಿ ತಂದ. ಕಂಬಕ್ಕೆ ಒಂದು ರೇಟು, ಟನ್ನಿಗೆ ಇನ್ನೊಂದು. ಅವನು ತೋಪಿನ ಮುಂದೆ ನಿಂತು ಸುತ್ತ ನೋಡಿದ. ಉದ್ದದ ಮರಗಳಿದ್ದ ಜಾಗದಲ್ಲಿ ಬಿಲ್ಲೆಗಳ ಗುಡ್ಡ.

“ಕಂಬ ಎಲ್ಲಿ ಸಾರ್?”

ಬಾಮೈದ ಸೆಕೆಂಡುಗಳ ಲೆಕ್ಕ ವಿವರಿಸತೊಡಗಿದ. ವ್ಯಾಪಾರಿ ಅರ್ಧಕ್ಕೇ ತಡೆದು, ಒಂದು ಬಿಲ್ಲೆ ಎತ್ತಿ, ಕೊಯ್ದ ಮುಖದ ಮೇಲೆ ಅಂಗೈ ಆಡಿಸಿದ. ರಂಧ ಹೊಡೆದ ಹಲಗೆಯಂತೆ ನುಣುಪಾಗಿತ್ತು. “ಇದಕ್ಕೆ ಅರ ಹಾಕಿದ್ದು ಯಾರು?” ಎಂದ. ಸೌದೆ ರೇಟಿಗೆ ಬಿಲ್ಲೆ ತುಂಬಿಕೊಂಡು, ಕ್ಯಾಬಿನ್ನಿನಿಂದ ತನ್ನವೇ ಒಂದು ಚೀಲ ಮೊಂಡ ಚೈನು ಇಳಿಸಿ ತಾತನ ಮುಂದೆ ಸುರಿದ. ತಾತ ಹಲ್ಲೊಂದಕ್ಕೆ ಎರಡು ರೂಪಾಯಿ ಎಂದರು. ಚೈನಿಗೆ 72 ರೂಪಾಯಿ ಎಂದು ನಾನು ಗುಣಿಸಿದೆ.

ಈಗ ತೂಬಗೆರೆ ರಸ್ತೆಯಲ್ಲಿ ‘ಇಲ್ಲಿ ಮರ ಕೊಯ್ಯೋ ಮಿಷಿನ್ ಚೈನಿಗೆ ಅರ ಹಾಕಲಾಗುವುದು’ ಎಂಬ ಬೋರ್ಡಿದೆ, ಹೊಂಗೆ ಮರಕ್ಕೆ ಮೊಳೆ ಹೊಡೆದು ನಿಲ್ಲಿಸಿದ್ದು. ಕೆಳಗಿರುವ ಫೋನ್ ನಂಬರು ಬಾಮೈದನದು.