ಬ್ಯಾಚ್ ನಂಬ್ರ: ತೋಟದ ಮೂಲೆಯ ಮರ

ವಾಮದಪದವಿನ ಆಚೀಚೆ ಹಲಸಿನ ಹಪ್ಪಳವನ್ನು ಇಷ್ಟರವರೆಗೆ ತಿಂದವರೇ ಹೊರತು ಓದಿದವರಿಲ್ಲ. ನಮ್ಮ ಚಿಕ್ಕಮ್ಮನ ಹಪ್ಪಳವನ್ನು ಮೂಡುಬಿದಿರೆಯ ಒಂದು ಅಂಗಡಿಗೆ ಕೊಡುವುದೆಂದು ನಿಶ್ಚಯವಾದ ಮೇಲೆ ಅದಕ್ಕೂ ಓದುವ ಕಾಲ ಬಂತು. "ಲೇಬಲ್ ಇಲ್ಲದೆ ಇಡುವ ಹಾಗಿಲ್ಲ ಅಕ್ಕ" ಎಂದರು ಅಂಗಡಿಯವರು. ಮನೆಗೆ ಬರುವ ಇಂಗ್ಲಿಷ್ ಕಾಗದಗಳೆಲ್ಲ ನನ್ನ ಪಾಲಿಗೇ ಆದ್ದರಿಂದ ಇದೂ ನನ್ನ ತಲೆಗೇ ಬಿತ್ತು.

ಲೇಬಲಿಗೆ ಮೊದಲು ಬೇಕಾದ ಆಹಾರ ಸುರಕ್ಷತಾ ನೋಂದಣಿ ಸಲೀಸಾಗಿಯೇ ಆಯಿತು. ನಾವು ಮಾಡಿಸಿದಾಗ ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವ್ಯಾಪಾರಕ್ಕೆ ಶುಲ್ಕ 100 ರೂಪಾಯಿ. ಬಂದದ್ದು 14 ಅಂಕಿಗಳ ನಂಬ್ರ. "ನನ್ನ ಆಧಾರಿಗಿಂತ ಎರಡು ಜಾಸ್ತಿ ಉಂಟು!" ಎಂದು ಚಿಕ್ಕಮ್ಮನಿಗೆ ಭಾರೀ ಹೆಮ್ಮೆ.

ಕಷ್ಟ ಶುರುವಾದದ್ದು ಆಮೇಲೆ. 2020ರ ಲೇಬಲ್ ನಿಯಮಗಳ ಪ್ರಕಾರ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕು. ಕನ್ನಡ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಬಹುದು. ತುಳುವಿನಲ್ಲಿ ಹರಟುತ್ತಾ ಒತ್ತಿದ ಹಪ್ಪಳ ಹೀಗೆ ಮುದಿಪ್ರಾಯದಲ್ಲಿ ಇಂಗ್ಲಿಷ್ ಕಲಿಯಿತು.

ಸಾಮಗ್ರಿಗಳನ್ನು ಹಾಕುವಾಗಿನ ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಹಲಸಿನಕಾಯಿ ಮೊದಲು, ಸರಿ. ಉಪ್ಪು ಮುಂದೋ, ಮೆಣಸು ಮುಂದೋ? "ಉಪ್ಪು ಎಷ್ಟೆಂದು ಕೈಗೆ ಗೊತ್ತುಂಟು, ನನಗೆ ಗೊತ್ತಿಲ್ಲ" ಎಂದರು ಚಿಕ್ಕಮ್ಮ. ತಕ್ಕಡಿ ತಂದೆ. ಅವರ ಒಂದು ಮುಷ್ಟಿ ಉಪ್ಪು ಇನ್ನೊಂದು ಮುಷ್ಟಿಗೆ ಹೊಂದಲಿಲ್ಲ. ತೂಗಿ ಹಾಕಿದ ಉಪ್ಪಿಗೆ ರುಚಿ ಸಾಲದೆಂದು ಅವರ ತೀರ್ಪು. ನನ್ನ ನಾಲಗೆಗೆ ವ್ಯತ್ಯಾಸವೇನೂ ತಿಳಿಯಲಿಲ್ಲ. ಬಾಯಿಬಿಟ್ಟು ಹೇಳುವಷ್ಟು ಧೈರ್ಯ ನನಗಿಲ್ಲ.

ತೂಕದಲ್ಲಿ ಇನ್ನೊಂದು ತಕರಾರು. ನಮ್ಮಲ್ಲಿ ಹಪ್ಪಳಕ್ಕೆ ಲೆಕ್ಕವೆಂದರೆ ಕಟ್ಟು, ನೂರು. ಪ್ಯಾಕೆಟ್ಟಿಗೆ ಗ್ರಾಮ್ ಬೇಕು. "ಸುಮಾರು 200 ಗ್ರಾಮ್ ಎಂದು ಹಾಕು" ಎಂದರು. 'ಸುಮಾರು' ಎಂಬ ಪದವೇ ನಿಷಿದ್ಧ ಎಂದೆ. ಸುಮಾರು ಇಲ್ಲದೆ ಚಿಕ್ಕಮ್ಮ ಈವರೆಗೆ ಒಂದು ವಾಕ್ಯ ಮುಗಿಸಿದವರಲ್ಲ.

ತಯಾರಿಸಿದ ದಿನ? ಸೊಳೆ ಬೇಯಿಸಿ, ಬಿಸಿ ಆರುವ ಮೊದಲೇ ಗುದ್ದಿ, ಉಂಡೆ ಕಟ್ಟಿ ಒತ್ತಿ ಚಾಪೆಗೆ ಹಾಕಿದ್ದು ಒಂದು ದಿನ. ಮೇ ತಿಂಗಳ ಅಡ್ಡಮಳೆಗೆ ಚಾಪೆ ಸಮೇತ ಒಳಗೋಡಿ, ಮತ್ತೆ ಬಿಸಿಲು ಕಂಡು ಒಣಗಿದ್ದು ಇನ್ನೊಂದು ದಿನ. ವಸ್ತು ತನ್ನ ಹೆಸರಿಗೆ ತಕ್ಕ ರೂಪಕ್ಕೆ ಬಂದ ದಿನವೇ ತಯಾರಿಕೆಯ ದಿನ ಎನ್ನುತ್ತದೆ ನಿಯಮ. ಅಂದರೆ ದಿನಾಂಕ ಹಾಕಬೇಕಾದವರು ಸೂರ್ಯದೇವರು. ಎಷ್ಟು ದಿನ ಬಾಳುತ್ತದೆಂದು ಕೇಳಿದರೆ, "ಆಟಿಯಲ್ಲಿ ಮಳೆ ಹೊಡೆಯುವಾಗ ಮಕ್ಕಳು ಮುಗಿಸುತ್ತಾರೆ. ಹಾಳಾಗಲಿಕ್ಕೆ ಉಳಿಯುವುದೆಲ್ಲಿ ಮಾರಾಯ?"

ಬ್ಯಾಚ್ ನಂಬ್ರ ಕೇಳಿದಾಗ ಮಾತ್ರ ಅವರು ತಡವರಿಸಲಿಲ್ಲ. "ತೋಟದ ಮೂಲೆಯ ಮರ" ಎಂದರು. ಬಾವಿಕಟ್ಟೆಯ ಮರದ ಹಪ್ಪಳ ಹೆಚ್ಚು ಅರಳುತ್ತದೆ, ಮೂಲೆಯದ್ದು ಗರಿಗರಿ, ಗುಡ್ಡೆಯದ್ದು ಕೊಂಚ ಕೆಂಪು. ಯಾವ ಕಟ್ಟು ಯಾವ ಮರದ್ದೆಂದು ಕತ್ತಲಲ್ಲೂ ಹೇಳಬಲ್ಲರು. ಒಂದು ಪ್ಯಾಕೆಟ್ ಕೆಟ್ಟರೆ ಅದರ ಜೊತೆಯವನ್ನು ಹುಡುಕಿ ಹಿಂದೆ ತರಲೆಂದೇ ಈ ನಂಬ್ರ. ದಿಲ್ಲಿಯಲ್ಲಿ ಕೂತು ಬರೆದವರಿಗೆ ಮರ ನೆನಪಾಗಿರಲಿಕ್ಕಿಲ್ಲ; ಕೇಳಿದ್ದಂತೂ ಅದನ್ನೇ. 'ತೋಮೂ-1' ಎಂದು ಹಾಕಿದೆ.

ಬಿ.ಸಿ. ರೋಡಿನಲ್ಲಿ ಕಪ್ಪು-ಬಿಳುಪಿನಲ್ಲಿ ಅಗ್ಗಕ್ಕೆ ಪ್ರಿಂಟ್ ಹಾಕಿಸಿದ್ದರಿಂದ ಸಸ್ಯಾಹಾರದ ಹಸಿರು ಬೊಟ್ಟು ಕಪ್ಪಾಯಿತು. ಮೊಮ್ಮಗಳು ಸ್ಕೆಚ್ ಪೆನ್ನಿನಿಂದ ಹಸಿರು ತುಂಬಿಸತೊಡಗಿದಳು. ಅವಳ ಕೈಯಿಂದ ಪೆನ್ನು ಕಸಿದುಕೊಂಡು ಮತ್ತೆ ಬಣ್ಣದ ಪ್ರಿಂಟೇ ಹಾಕಿಸಬೇಕಾಯಿತು.

ದೂರು ಹೇಳಲು ಫೋನ್ ನಂಬ್ರ ಕೊಡಬೇಕಲ್ಲ, ಚಿಕ್ಕಮ್ಮನದ್ದೇ ಕೊಟ್ಟಿದ್ದೆವು. ಮೊದಲ ಕರೆ ಬೆಂಗಳೂರಿನ ಒಬ್ಬ ಹೆಂಗಸಿನದ್ದು. ಎಣ್ಣೆ ಹೆಚ್ಚು ಕುಡಿಯುತ್ತದೆಂದು ಅವರ ದೂರು. "ಎಣ್ಣೆ ಸರಿ ಕಾಯಬೇಕು. ಅದಿರಲಿ, ನೀವು ಯಾರ ಪೈಕಿ?" ಎಂದು ಕೇಳಿದರು ಇವರು. ಅರ್ಧ ಗಂಟೆಯಲ್ಲಿ ಬೆಳ್ತಂಗಡಿ ಕಡೆಯಿಂದ ಸಂಬಂಧ ಕೂಡಿಯೇಬಿಟ್ಟಿತು. ಎರಡು ಕಟ್ಟು ಬಸ್ಸಿನಲ್ಲಿ ಹೋಯಿತು. ಎಂ.ಆರ್.ಪಿ. ಎಲ್ಲ ತೆರಿಗೆ ಸೇರಿದ್ದಿರಬೇಕೆಂದು 2011ರ ಪ್ಯಾಕೇಜು ನಿಯಮಗಳು ಹೇಳುತ್ತವೆ. ನೆಂಟರಿಗೆ ಎಷ್ಟು ಹಾಕಬೇಕೆಂದು ಹೇಳುವುದಿಲ್ಲ. ಚಿಕ್ಕಮ್ಮನಂತೂ ಏನೂ ಹಾಕಲಿಲ್ಲ.